ಕಾಶಿ ಕಣಗಿಲೆ ಮತ್ತು ಎಡವುವ ಪಾದ

ಅಂಗಳದಲ್ಲಿ ವರ್ಷವಿಡೀ ಹೂಬಿಡುವ ಕಾಶಿ ಕಣಗಿಲೆ (ನಿತ್ಯಪುಷ್ಪ) ನಿಮಗೆ ಪರಿಚಿತ. ಇದರ ತವರು ಮಡಗಾಸ್ಕರ್. ಜಮೈಕಾದಲ್ಲಿ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಕೆಲವು ಎಲೆಗಳು ಕೆನಡಾದ ರಾಬರ್ಟ್ ನೋಬಲ್ ಅವರ ಕೈಸೇರಿದವು. ಇಲಿಗಳಿಗೆ ಕುಡಿಸಿ ನೋಡಿದರೆ ಸಕ್ಕರೆ ಇಳಿಯಲೇ ಇಲ್ಲ. ಚುಚ್ಚಿ ಕೊಟ್ಟಾಗ ಬಿಳಿ ರಕ್ತಕಣಗಳು ಕುಸಿದು, ಇಲಿಗಳು ಸೋಂಕು ತಗಲಿ ಸತ್ತವು. ಸೋತ ಪ್ರಯೋಗವೆಂದು ಅವರು ಕೈಬಿಡಲಿಲ್ಲ. ಬಿಳಿಕಣಗಳು ಮಿತಿಮೀರುವ ರಕ್ತದ ಕ್ಯಾನ್ಸರ್‌ಗೆ ಇದು ಮದ್ದಾಗಬಾರದೇಕೆ?

1958ರಲ್ಲಿ ಚಾರ್ಲ್ಸ್ ಬಿಯರ್ ಅವರೊಡನೆ ನೋಬಲ್ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಬಳಿಕ ಅಮೆರಿಕದ ಎಲಿ ಲಿಲಿ ಕಂಪನಿಯ ಗೋರ್ಡನ್ ಸ್ವೊಬೋಡ ಅದೇ ಗಿಡದಿಂದ ವಿನ್‌ಕ್ರಿಸ್ಟಿನ್ ಪಡೆದರು. ಒಂದು ಗ್ರಾಂಗೆ ನೂರಾರು ಕಿಲೋ ಒಣ ಎಲೆ ಬೇಕು! 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ದೊರೆಯಿತು. 1948ರಲ್ಲಿ ಸಿಡ್ನಿ ಫಾರ್ಬರ್ ವರದಿ ಮಾಡಿದ ಅಮಿನೊಪ್ಟೆರಿನ್ ಚಿಕಿತ್ಸೆಯಲ್ಲಿ ಮಕ್ಕಳು ಕೆಲವು ತಿಂಗಳು ಮಾತ್ರ ಚೇತರಿಸಿಕೊಂಡಿದ್ದರು. ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಕ್ರಮ ಬಂದ ಮೇಲೆ ಚಿತ್ರ ಬದಲಾಯಿತು. ವಿನ್‌ಕ್ರಿಸ್ಟಿನ್ ಆ ಕೂಟದ ಖಾಯಂ ಸದಸ್ಯ.

ಆದರೆ ಚಿಕಿತ್ಸೆ ಪಡೆಯುತ್ತಿದ್ದ ಮಕ್ಕಳು ಎಡವತೊಡಗಿದರು. ಹಿಮ್ಮಡಿಯ ಪ್ರತಿವರ್ತನೆ ಮಾಯವಾಗುತ್ತಿತ್ತು, ಪಾದ ಜೋಲುತ್ತಿತ್ತು, ದವಡೆ ನೋಯುತ್ತಿತ್ತು, ಮಲಬದ್ಧತೆ ಕಾಡುತ್ತಿತ್ತು. ನರಕೋಶಗಳು ವಿಭಜನೆ ಹೊಂದುವುದಿಲ್ಲವಲ್ಲ, ಅವುಗಳಿಗೇಕೆ ಪೆಟ್ಟು?

ವಿನ್‌ಕ್ರಿಸ್ಟಿನ್ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಅದರಿಂದ ಸೂಕ್ಷ್ಮನಳಿಕೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ವಿಭಜನೆಯ ಹೊತ್ತಿನಲ್ಲಿ ವರ್ಣತಂತುಗಳನ್ನು ಎಳೆಯುವ ಕದಿರು ಈ ನಳಿಕೆಗಳಿಂದಲೇ ಆದದ್ದು. ಅದಿಲ್ಲದೆ ಕ್ಯಾನ್ಸರ್ ಕೋಶ ಸಾಯುತ್ತದೆ. ನರತಂತುವಿನಲ್ಲಿ ಇವೇ ನಳಿಕೆಗಳು ಸರಕು ಸಾಗಿಸುವ ಹಳಿಗಳು. ಹತ್ತು ವರ್ಷದ ಮಗುವಿನ ಬೆನ್ನುಹುರಿಯಿಂದ ಪಾದಕ್ಕೆ ಅರ್ಧ ಮೀಟರಿಗೂ ಹೆಚ್ಚು ದೂರ. ಹಳಿ ಹಾಳಾದರೆ ಕೊನೆಯ ನಿಲ್ದಾಣ ಮೊದಲು ಸೊರಗುತ್ತದೆ. ಭೌತವಿಜ್ಞಾನಿಯಾದ ನನಗೆ ಇಲ್ಲಿ ಹಿಡಿಸುವುದು ಈ ಉದ್ದದ ಲೆಕ್ಕವೇ. ದುರಸ್ತಿಗೆ ಬೇಕಾದ ಹೊಸ ಟ್ಯೂಬುಲಿನ್ ದಿನಕ್ಕೆ ಒಂದೆರಡು ಮಿಲಿಮೀಟರಿನಂತೆ ಸಾಗುತ್ತದೆ. ಚೇತರಿಕೆ ತಿಂಗಳುಗಟ್ಟಲೆ ಹಿಡಿಯುವುದರಲ್ಲಿ ಅಚ್ಚರಿಯಿಲ್ಲ. ಮದ್ದು ನಿಂತ ಮೇಲೆ ಹೆಚ್ಚಿನ ಮಕ್ಕಳು ಸುಧಾರಿಸುತ್ತಾರೆ; ಕೆಲವರಲ್ಲಿ ಸ್ವಲ್ಪ ಬಲಹೀನತೆ ವರ್ಷಗಳ ಕಾಲ ಉಳಿಯುವುದುಂಟು.

ಒಮ್ಮೆಗೆ 2 ಮಿಲಿಗ್ರಾಂ ಮೀರಬಾರದೆಂಬ ರೂಢಿ ಬೆಳೆದದ್ದು ನರಗಳ ಮೇಲಿನ ಈ ಭಯದಿಂದ. ಎಲ್ಲ ಮಕ್ಕಳಿಗೂ ಪೆಟ್ಟು ಒಂದೇ ಸಮನಲ್ಲ. ಸಿಇಪಿ72 ಎಂಬ ಜೀನಿನ ಒಂದು ಬಗೆಯುಳ್ಳವರಿಗೆ ಅಪಾಯ ಹೆಚ್ಚೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಾಕೊನಜೋಲ್ ಜೊತೆಗೂಡಿದರೂ ತೊಂದರೆ ಬಿಗಡಾಯಿಸುತ್ತದೆ.

ಚಿಕಿತ್ಸೆಯ ನಡುವೆ ಶಾಲೆಗೆ ಬರುವ ಮಗು ಓಟದಲ್ಲಿ ಮುಗ್ಗರಿಸಿದರೆ, ಗುಂಡಿ ಹಾಕಿಕೊಳ್ಳಲು ತಡಕಾಡಿದರೆ, ಅಕ್ಷರ ಸೊಟ್ಟಗಾದರೆ, ಅದನ್ನು ಸೋಮಾರಿತನ ಎನ್ನಬೇಡಿ, ಮೇಷ್ಟ್ರೇ. ಹೆತ್ತವರಿಗೆ ತಿಳಿಸಿ. ವೈದ್ಯರು ಆ ಮಗುವನ್ನು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ, ಅಗತ್ಯವಿದ್ದರೆ ಮುಂದಿನ ಸೂಜಿಯ ಪ್ರಮಾಣ ಇಳಿಸುತ್ತಾರೆ.