ಬೆಳೆಹಾನಿ ಪರಿಹಾರ (ಕರ್ನಾಟಕ)

ಬರ, ನೆರೆ, ಆಲಿಕಲ್ಲು ಮಳೆ, ಕೀಟಬಾಧೆಯಂಥ ವಿಕೋಪಗಳಲ್ಲಿ ಬೆಳೆ ಅಥವಾ ಜಾನುವಾರು ಕಳೆದುಕೊಂಡ ರೈತರಿಗೆ ಸರ್ಕಾರ ಕೊಡುವ ನೆರವಿನ ಹಣ. ಜನರ ಮಾತಿನಲ್ಲಿ ಇದು ‘ಪರಿಹಾರ’. ಸರ್ಕಾರಿ ಆದೇಶಗಳಲ್ಲಿ ಬೆಳೆಯ ನೆರವು ‘ಇನ್‌ಪುಟ್ ಸಬ್ಸಿಡಿ’. ಈ ಹೆಸರುಗಳ ಅಂತರವನ್ನು ಗಮನಿಸಬೇಕು. ಹಾಳಾದ ಬೆಳೆಯ ಬೆಲೆಯನ್ನು ಸರ್ಕಾರ ತುಂಬಿಕೊಡುವುದಿಲ್ಲ; ಮುಂದಿನ ಬಿತ್ತನೆಯ ಬೀಜ-ಗೊಬ್ಬರಕ್ಕೆ ಕೈಯಾಸರೆ ಕೊಡುತ್ತದೆ, ಅಷ್ಟೆ. ಪ್ರೀಮಿಯಂ ಕಟ್ಟಿ ಪಡೆಯುವ ಬೆಳೆ ವಿಮೆಯೇ ಬೇರೆ.

ವಿಪತ್ತು ನಿರ್ವಹಣಾ ಕಾಯ್ದೆ 2005ರ ಅಡಿಯ ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ಈ ಹಣ ಬರುತ್ತದೆ. ಕರ್ನಾಟಕದ ನಿಧಿಗೆ ಕೇಂದ್ರದ ಪಾಲು ಶೇ 75, ರಾಜ್ಯದ್ದು ಶೇ 25. ಅದು ಸಾಲದಷ್ಟು ದೊಡ್ಡ ವಿಪತ್ತಾದರೆ ರಾಷ್ಟ್ರೀಯ ನಿಧಿಯ ಮೊರೆ ಹೋಗಬೇಕು. 2022–26ರ ಮಾರ್ಗಸೂಚಿಯಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಗರಿಷ್ಠ 2 ಹೆಕ್ಟೇರ್. ಹಾನಿ ಶೇ 33 ಮುಟ್ಟಿರಬೇಕು. 2015ರವರೆಗೆ ಈ ಮಿತಿ ಶೇ 50 ಇತ್ತು. ಲೆಕ್ಕ ಹಾಕಿದರೆ, ಒಣಬೇಸಾಯದ ಒಂದು ಎಕರೆಗೆ ಸಿಗುವುದು 3,440 ರೂಪಾಯಿಯ ಆಸುಪಾಸು. ಎಂಟು ಎಕರೆ ತೊಗರಿ ನೀರು ನಿಂತು ಕೊಳೆತರೂ ಗರಿಷ್ಠ 17,000. ಇಂಥ ದರ ಸಾಲದೆಂಬುದನ್ನು ರಾಜ್ಯವೂ ಒಪ್ಪಿದಂತಿದೆ: 2021ರ ಕೊನೆಯಲ್ಲಿ ಆಗಿನ ದರಕ್ಕೆ ತನ್ನ ಬೊಕ್ಕಸದಿಂದ ಹೆಚ್ಚುವರಿ ಹಣ ಸೇರಿಸಿತು; 2025ರ ನೆರೆಯ ಬಳಿಕ ಹೆಕ್ಟೇರಿಗೆ ಇನ್ನೂ 8,500 ಕೊಡುವುದಾಗಿ ಘೋಷಿಸಿತು.

ಹಣದ ದಾರಿ ಹೊಲದ ಬದುವಿನಿಂದ ಶುರುವಾಗುತ್ತದೆ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ಸಿಬ್ಬಂದಿ ಜಂಟಿ ಸಮೀಕ್ಷೆ ಮಾಡುತ್ತಾರೆ. ವಿವರ ‘ಪರಿಹಾರ’ ತಂತ್ರಾಂಶ ಸೇರುತ್ತದೆ. ರೈತರ ನೋಂದಣಿಯ ‘ಫ್ರೂಟ್ಸ್’ ಗುರುತಿನ ಸಂಖ್ಯೆ ಮತ್ತು ಆಧಾರ್ ಜೋಡಣೆಯ ಮೂಲಕ ಹಣ ನೇರ ಖಾತೆಗೆ ಬೀಳುತ್ತದೆ. ಮಧ್ಯವರ್ತಿಗಳ ಕೈ ತಪ್ಪಿದ್ದು ನಿಜವಾದ ಲಾಭ. ಆದರೆ ಹೊಲದಲ್ಲಿ ಹೆಸರುಕಾಳಿನ ಬೆಳೆ ಕೊಳೆಯುತ್ತಿದ್ದು ದಾಖಲೆಯಲ್ಲಿ ಜೋಳ ಎಂದಿದ್ದರೆ, ಆಧಾರ್‌ಗೂ ಪಹಣಿಗೂ ಹೆಸರಿನ ಒಂದಕ್ಷರ ಹೊಂದದಿದ್ದರೆ ರೈತ ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ.

ಅದೇ ಮಾರ್ಗಸೂಚಿಯಲ್ಲಿ ಸಾಕುಪ್ರಾಣಿಗಳಿಗೂ ದರವಿದೆ: ಹಾಲು ಕೊಡುವ ಹಸು, ಎಮ್ಮೆಗೆ 37,500, ಎತ್ತಿಗೆ 32,000, ಕುರಿ-ಮೇಕೆಗೆ 4,000 ರೂಪಾಯಿ. ಹಸು-ಎಮ್ಮೆಯಾದರೆ ಮೂರು, ಕುರಿ-ಮೇಕೆಯಾದರೆ ಮೂವತ್ತರವರೆಗೆ ಮಾತ್ರ. ನೂರಾರು ಕುರಿಗಳ ಹಿಂಡು ಕಟ್ಟಿಕೊಂಡು ಊರೂರು ತಿರುಗುವ ಕುರಿಗಾಹಿಗೆ ಇದು ತೀರಾ ಕಡಿಮೆ. ಸತ್ತದ್ದನ್ನು ಅಧಿಕಾರಿ ದೃಢೀಕರಿಸಬೇಕು. ಹೊಳೆಯಲ್ಲಿ ಕೊಚ್ಚಿಹೋದ ಪ್ರಾಣಿಗೆ ಸಾಕ್ಷ್ಯ ತರುವುದೇ ಕಷ್ಟ.

ತಡವಾಗುವುದು ಈ ವ್ಯವಸ್ಥೆಯ ಹಳೆಯ ಬೇನೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಳಿದ್ದು 18,171 ಕೋಟಿ. ತಿಂಗಳುಗಟ್ಟಲೆ ಕಾದು, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಏಪ್ರಿಲ್‌ನಲ್ಲಿ ಕೇಂದ್ರದಿಂದ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಅಷ್ಟರಲ್ಲಿ ಮುಂದಿನ ಮುಂಗಾರಿನ ಉಳುಮೆಯೇ ಹತ್ತಿರ ಬಂದಿತ್ತು. ಜಮೆಯಾದ ಹಣವನ್ನು ಬ್ಯಾಂಕುಗಳು ಸಾಲಕ್ಕೆ ಮುರಿದುಕೊಳ್ಳಬಾರದೆಂದು ಸರ್ಕಾರ ಸೂಚಿಸಬೇಕಾಯಿತು.

ಹಣ ತಲುಪದವರೂ ಇದ್ದಾರೆ. ಲಾವಣಿಗೋ (ಗುತ್ತಿಗೆಗೆ) ಕೋರಿಗೋ (ಪಾಲಿಗೆ) ಹೊಲ ಮಾಡುವವರ ಹೆಸರು ಸಾಮಾನ್ಯವಾಗಿ ಪಹಣಿಯಲ್ಲಿ ಇರುವುದಿಲ್ಲ. ಒಪ್ಪಂದ ಬಾಯಿಮಾತಿನದು. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಅವರದ್ದೇ ಆದರೂ ಹಣ ಜಮೆಯಾಗುವುದು ಹೊಲದ ಒಡೆಯರ ಖಾತೆಗೆ.