ಹೈಟಿ: ಭಾಷೆ, ಅಧಿಕಾರ ಮತ್ತು ವರ್ಗ

ಕೆರಿಬಿಯನ್ ಸಮುದ್ರದ ಹಿಸ್ಪಾನಿಯೊಲಾ ದ್ವೀಪದ ಪಶ್ಚಿಮ ಭಾಗವೇ ಹೈಟಿ. ಅಲ್ಲಿನ ಜನರೆಲ್ಲರ ಆಡುಮಾತು ಕ್ರೆಯೋಲ್. ಫ್ರೆಂಚನ್ನು ಸಲೀಸಾಗಿ ಬಳಸಬಲ್ಲವರು ನೂರಕ್ಕೆ ಐದರಿಂದ ಹತ್ತು ಮಂದಿ ಎಂಬುದು ಸಾಮಾನ್ಯ ಅಂದಾಜು. ಆದರೆ ಶಾಲೆ, ನ್ಯಾಯಾಲಯ, ಸರ್ಕಾರಿ ಕಡತಗಳಲ್ಲಿ ಎರಡು ಶತಮಾನಗಳಿಂದ ನಡೆದುಬಂದಿರುವುದು ಬಹುಮಟ್ಟಿಗೆ ಫ್ರೆಂಚ್. ಬಾಯಿ ತೆರೆದೊಡನೆ ಆಡಿದವನ ವರ್ಗ ತಿಳಿದುಬಿಡುವ ದೇಶ ಅದು.

1697ರ ನಂತರ ಈ ನೆಲ ಸಾಂ-ದೊಮಾಂಗ್ ಎಂಬ ಹೆಸರಿನ ಫ್ರೆಂಚ್ ವಸಾಹತಾಗಿತ್ತು. ಕಬ್ಬು, ಕಾಫಿ ತೋಟಗಳಿಗೆ ಆಫ್ರಿಕದ ನಾನಾ ಕಡೆಗಳಿಂದ ಹಿಡಿದು ತಂದ ಗುಲಾಮರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಅವರ ನುಡಿಗಳಿಗೂ ವಲಸಿಗ ಫ್ರೆಂಚರ ಆಡುಮಾತಿಗೂ ಕೊಳುಕೊಡೆ ನಡೆದು ಕ್ರೆಯೋಲ್ ಹುಟ್ಟಿತು. ಪದಗಳಲ್ಲಿ ಹೆಚ್ಚಿನವು ಫ್ರೆಂಚಿನಿಂದ ಬಂದವು, ವ್ಯಾಕರಣ ಬೇರೆ. ‘ಆ ಪುಸ್ತಕ’ ಎನ್ನಲು ‘ಲಿವ್ ಲಾ’ ಎಂದು ನಿರ್ದೇಶಕ ಪದವನ್ನು ನಾಮಪದದ ನಂತರ ಇಡುತ್ತಾರೆ. ಕಾಲವನ್ನು ಕ್ರಿಯಾಪದಕ್ಕೆ ಮೊದಲು ಬರುವ ಬಿಡಿ ಪದಗಳು ಸೂಚಿಸುತ್ತವೆ. ಇದನ್ನು ‘ಮುರುಕು ಫ್ರೆಂಚ್’ ಎಂದವರು ಭಾಷೆಯನ್ನು ಪರೀಕ್ಷಿಸಿ ಹಾಗೆ ಹೇಳಲಿಲ್ಲ, ಆಡುವವರನ್ನು ಕೀಳಾಗಿ ಕಂಡು ಹೇಳಿದರು.

ಗುಲಾಮರು ದಂಗೆಯೆದ್ದು ಗೆದ್ದ ಈ ದೇಶದ ಸ್ವಾತಂತ್ರ್ಯ ಘೋಷಣೆ 1804ರ ಜನವರಿ 1ರಂದು ಹೊರಟಿದ್ದು ಫ್ರೆಂಚಿನಲ್ಲಿ. ಅದನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಗೆದ್ದವರಲ್ಲಿ ಬಹುಪಾಲು ಮಂದಿಗೆ ಇರಲಿಲ್ಲ. ಬಿಳಿಯ ಒಡೆಯರು ಹೋದ ಮೇಲೆ ಪಟ್ಟಣ, ವ್ಯಾಪಾರ, ಅಧಿಕಾರಗಳು ಫ್ರೆಂಚ್ ಬಲ್ಲ ಸಣ್ಣ ಗುಂಪಿನ ಕೈಸೇರಿದವು. ಹಳ್ಳಿಯ ರೈತರಿಗೆ ‘ಮೂನ್ ಆಂದೆಯೊ’, ಅಂದರೆ ಹೊರಗಿನವರು, ಎಂಬ ಹೆಸರು ಅಂಟಿತು. ದೇಶದಲ್ಲಿ ಹೆಚ್ಚು ಸಂಖ್ಯೆಯವರೇ ಹೊರಗಿನವರಾದರು. 1860ರಲ್ಲಿ ವ್ಯಾಟಿಕನ್ ಜೊತೆ ಆದ ಒಪ್ಪಂದದ ಬಳಿಕ ಫ್ರೆಂಚ್ ಪಾದ್ರಿಗಳ ಶಾಲೆಗಳು ಈ ವಿಭಜನೆಯನ್ನು ಗಟ್ಟಿಗೊಳಿಸಿದವು. ಸಂವಿಧಾನದಲ್ಲಿ ಫ್ರೆಂಚಿಗೆ ಅಧಿಕೃತ ಸ್ಥಾನ ಬಂದದ್ದು 1918ರಲ್ಲಿ, ಅಮೆರಿಕದ ಸೈನ್ಯ ದೇಶವನ್ನು ಆಕ್ರಮಿಸಿಕೊಂಡಿದ್ದಾಗ.

ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ‘ಡೈಗ್ಲಾಸಿಯಾ’ ಎಂಬ ಪರಿಕಲ್ಪನೆಯನ್ನು ವಿವರಿಸಲು ಆರಿಸಿಕೊಂಡ ನಾಲ್ಕು ಉದಾಹರಣೆಗಳಲ್ಲಿ ಹೈಟಿಯೂ ಒಂದು. ಒಂದೇ ಸಮಾಜ ಮೇಲಿನ ಕೆಲಸಕ್ಕೊಂದು, ದಿನಬಳಕೆಗೊಂದು ನುಡಿಯನ್ನು ಇಟ್ಟುಕೊಳ್ಳುವುದೇ ಇದರ ಲಕ್ಷಣ. ಆದರೆ ಈ ವಿವರಣೆ ಹೈಟಿಗೆ ಪೂರ್ತಿ ಹೊಂದದು. ಅಲ್ಲಿನ ಬಹುಪಾಲು ಜನರಿಗೆ ಇರುವುದು ಒಂದೇ ನುಡಿ. ಎರಡರ ನಡುವೆ ಆಯ್ಕೆ ಮಾಡಿಕೊಳ್ಳುವ ಸೌಲಭ್ಯ ಮೇಲ್ವರ್ಗದವರದು ಮಾತ್ರ.

ಹೋರಾಟ ಬಿರುಸಾಗಿ ನಡೆದದ್ದು ಶಾಲೆಯ ಅಂಗಳದಲ್ಲಿ. ಮಕ್ಕಳು ತಮಗೆ ಅರ್ಥವಾಗದ ಫ್ರೆಂಚ್ ಪಾಠಗಳನ್ನು ಉರುಹೊಡೆದು ಒಪ್ಪಿಸುತ್ತಿದ್ದರು. ಕ್ರೆಯೋಲ್ ಆಡಿದರೆ ಶಿಕ್ಷೆ ಕಾದಿತ್ತು. ಶಿಕ್ಷಣ ಸಚಿವ ಜೋಸೆಫ್ ಬೆರ್ನಾರ್ ಅವರ ಹೆಸರಿನ ಸುಧಾರಣೆ 1979ರಿಂದ ಕ್ರೆಯೋಲನ್ನು ತರಗತಿಯೊಳಗೆ ತಂದಿತು. ಮೇಲ್ವರ್ಗ ಇದನ್ನು ವಿರೋಧಿಸಿದ್ದರಲ್ಲಿ ಅಚ್ಚರಿಯಿಲ್ಲ. ಬಡ ತಂದೆತಾಯಿಗಳೂ ಹಿಂಜರಿದರು. ಫ್ರೆಂಚ್ ಬಾರದಿದ್ದರೆ ಕಚೇರಿಯ ಬಾಗಿಲು ತೆರೆಯದೆಂದು ಕಂಡುಂಡವರು ಅವರು. ಕ್ರೆಯೋಲಿನ ಓದು ತಮ್ಮ ಮಕ್ಕಳನ್ನು ಇದ್ದಲ್ಲೇ ಇರಿಸುವ ಹೂಟವೆಂದು ಅನುಮಾನಿಸಿದರು. ಆ ಅನುಮಾನವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಕೆಲಸ ಕೊಡುವವರು ಬದಲಾಗದೆ ಪಠ್ಯ ಮಾತ್ರ ಬದಲಾದರೆ ಯಾರಿಗಾದರೂ ಹಾಗೆ ಅನಿಸುತ್ತದೆ. ಕಾಗುಣಿತವೂ ಜಗಳದಿಂದ ಹೊರಗುಳಿಯಲಿಲ್ಲ. 1940ರ ದಶಕದಲ್ಲಿ ಮೆಥಡಿಸ್ಟ್ ಪಾದ್ರಿ ಮ್ಯಾಕ್‌ಕಾನೆಲ್ ರೂಪಿಸಿದ ಬರವಣಿಗೆಯಲ್ಲಿದ್ದ ‘ಕೆ’, ‘ಡಬ್ಲ್ಯು’ ಅಕ್ಷರಗಳು ಅಮೆರಿಕದ ವಾಸನೆ ಹೊಡೆಯುತ್ತವೆಂದು ಆಕ್ಷೇಪ ಎದ್ದಿತ್ತು.

ಲೇಖಕರು ಸರ್ಕಾರಕ್ಕಿಂತ ಮುಂದಿದ್ದರು. ಫೆಲಿಕ್ಸ್ ಮೊರಿಸೊ-ಲೆರುವಾ 1953ರಲ್ಲಿ ಗ್ರೀಕ್ ದುರಂತ ‘ಆಂಟಿಗೊನಿ’ಯನ್ನು ಕ್ರೆಯೋಲಿನ ರಂಗಕ್ಕೆ ತಂದರು. ಫ್ರಾಂಕೇತಿಯೆನ್ ಬರೆದ ‘ದೆಜಾಫಿ’ (1975) ಆ ಭಾಷೆಯ ಮೊದಲ ಕಾದಂಬರಿ ಎನಿಸಿದೆ. ಪತ್ರಕರ್ತ ಜಾನ್ ದೊಮಿನಿಕ್ ರೇಡಿಯೊದಲ್ಲಿ ಕ್ರೆಯೋಲಿನಲ್ಲೇ ರಾಜಕೀಯ ಮಾತಾಡಿ ರೈತರನ್ನು ತಲುಪಿದರು. 2000ದ ಏಪ್ರಿಲಿನಲ್ಲಿ ಅವರ ಕೊಲೆಯಾಯಿತು. ಫ್ರೆಂಚಿನ ಬಗೆಗಿನ ಅಪನಂಬಿಕೆ ನುಡಿಗಟ್ಟಾಗಿಯೂ ಉಳಿದಿದೆ: ಜನರ ಬಾಯಲ್ಲಿ ‘ಫ್ರೆಂಚ್ ಆಡುವುದು’ ಎಂದರೆ ಮಾತಿನಲ್ಲಿ ಮರುಳುಮಾಡುವುದು ಎಂಬ ಅರ್ಥ ಇಂದಿಗೂ ಇದೆ.

ದುವಾಲಿಯೇ ಕುಟುಂಬದ ಸರ್ವಾಧಿಕಾರ ಕುಸಿದ ಮರುವರ್ಷ, 1987ರ ಸಂವಿಧಾನವು ಹೈಟಿಯರೆಲ್ಲರನ್ನು ಬೆಸೆದಿರುವ ಭಾಷೆ ಕ್ರೆಯೋಲ್ ಎಂದು ಸಾರಿ, ಫ್ರೆಂಚಿನ ಜೊತೆಗೆ ಅದಕ್ಕೂ ಅಧಿಕೃತ ಸ್ಥಾನ ನೀಡಿತು. ಅದೇ ಸಂವಿಧಾನ ವಿಧಿಸಿದ ಕ್ರೆಯೋಲ್ ಅಕಾಡೆಮಿ ಕೆಲಸ ಆರಂಭಿಸಿದ್ದು 2014ರಲ್ಲಿ. ಹೈಟಿ ಮೂಲದ ಭಾಷಾವಿಜ್ಞಾನಿ ಮಿಶೆಲ್ ದೆಗ್ರಾಫ್ ಅಮೆರಿಕದ ಎಂಐಟಿಯಿಂದ ಗಣಿತ, ವಿಜ್ಞಾನಗಳನ್ನು ಕ್ರೆಯೋಲಿನಲ್ಲಿ ಕಲಿಸುವ ಸಾಮಗ್ರಿ ಸಿದ್ಧಪಡಿಸುವ ಯೋಜನೆಯನ್ನು ಮುನ್ನಡೆಸಿದ್ದಾರೆ. ಕಾನೂನು, ಆದೇಶಗಳನ್ನು ಎರಡೂ ಭಾಷೆಗಳಲ್ಲಿ ಪ್ರಕಟಿಸಬೇಕೆಂದು ಸಂವಿಧಾನದ 40ನೆಯ ವಿಧಿ ಹೇಳುತ್ತದೆ. ಆದರೆ ಸರ್ಕಾರಿ ಗೆಜೆಟ್‌ನಲ್ಲಿ ಅವು ಹೆಚ್ಚಾಗಿ ಫ್ರೆಂಚಿನಲ್ಲೇ ಬರುತ್ತಿವೆ.