ಗಂಧಸಂಕೇತ

ಒಂದು ಪ್ರಾಣಿಯ ದೇಹದಿಂದ ಹೊರಬಿದ್ದು ಅದೇ ಜಾತಿಯ ಇನ್ನೊಂದರ ನಡವಳಿಕೆಯನ್ನೋ ದೇಹಸ್ಥಿತಿಯನ್ನೋ ಬದಲಿಸುವ ರಾಸಾಯನಿಕಕ್ಕೆ ಫೆರೊಮೋನ್ ಅಥವಾ ಗಂಧಸಂಕೇತವೆಂದು ಹೆಸರು. ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲ್ಯೂಷರ್ 1959ರಲ್ಲಿ ಈ ಪದವನ್ನು ಬಳಕೆಗೆ ತಂದರು. ಅದೇ ವರ್ಷ ಅಡಾಲ್ಫ್ ಬುಟೆನಾಂಟ್ ಅವರ ತಂಡ ರೇಷ್ಮೆಯ ಹೆಣ್ಣು ಪತಂಗ ಸೂಸುವ ಬಾಂಬಿಕಾಲನ್ನು ಗುರುತಿಸಿತು. ಒಂದು ವಾಸನೆ ಹಿತವೆನಿಸಿದ ಮಾತ್ರಕ್ಕೆ ಅದು ಗಂಧಸಂಕೇತವಾಗದು. ಅಣು ಯಾವುದೆಂದು ತಿಳಿದಿರಬೇಕು, ಪ್ರಯೋಗಾಲಯದಲ್ಲಿ ತಯಾರಿಸಿದ ಅದೇ ಅಣುವಿಗೂ ಪ್ರಾಣಿ ಅದೇ ರೀತಿ ಸ್ಪಂದಿಸಬೇಕು.

ಶಿವಮೊಗ್ಗ ಸೀಮೆಯಲ್ಲಿ ಕಾಣುವ ಎರಡು ಜೀವಿಗಳು ಈ ಪರೀಕ್ಷೆಯಲ್ಲಿ ಗೆದ್ದಿವೆ. ಒಂದು, ತುಂಗೆಯ ದಡದ ಸಕ್ರೆಬೈಲು ಬಿಡಾರದಲ್ಲಿರುವ ಏಷ್ಯಾದ ಆನೆ. ಬೆದೆಗೆ ಬಂದ ಹೆಣ್ಣಾನೆಯ ಮೂತ್ರದಲ್ಲಿ ಗಂಡನ್ನು ಸೆಳೆಯುವ ಡೋಡೆಸಿನೈಲ್ ಅಸಿಟೇಟ್ ಇರುವುದನ್ನು ರಾಸ್ಮುಸ್ಸೆನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಗಂಡಾನೆ ಸೊಂಡಿಲ ತುದಿಯಿಂದ ಮೂತ್ರವನ್ನು ಮುಟ್ಟಿ, ಅದನ್ನು ಬಾಯಿಯ ಮೇಲ್ಛಾವಣಿಗೆ ಒಯ್ದು, ಇಂಥ ರಾಸಾಯನಿಕಗಳನ್ನು ಗ್ರಹಿಸುವ ಜೇಕಬ್‌ಸನ್ ಅಂಗಕ್ಕೆ ತಲುಪಿಸುತ್ತದೆ. ಮದವೇರಿದ ಗಂಡಿನ ಕಪೋಲಸ್ರಾವದಲ್ಲಿ ಫ್ರಾಂಟಲಿನ್ ಇರುವುದು 2005ರಲ್ಲಿ ವರದಿಯಾಯಿತು. ಅದರ ಎರಡು ಪ್ರತಿಬಿಂಬ ರೂಪಗಳ ಪ್ರಮಾಣ ಆನೆಯ ವಯಸ್ಸಿನೊಡನೆ ಬದಲಾಗುತ್ತದೆ. ಇನ್ನೊಂದು, ಭದ್ರಾವತಿ ಸುತ್ತಲಿನ ಭದ್ರಾ ಅಚ್ಚುಕಟ್ಟಿನಂಥ ಭತ್ತದ ಗದ್ದೆಗಳ ಪೀಡೆಯಾದ ಹಳದಿ ಕಾಂಡಕೊರಕ. ಅದರ ಹೆಣ್ಣು ಸೂಸುವ ಎರಡು ಆಲ್ಡಿಹೈಡುಗಳನ್ನು ಸುಮಾರು 3:1ರ ಪ್ರಮಾಣದಲ್ಲಿ ಬೆರೆಸಿ ಮೋಹಕ ಬಲೆಯಲ್ಲಿಟ್ಟರೆ ಗಂಡು ಪತಂಗಗಳು ಬಂದು ಬೀಳುತ್ತವೆ. ಹೆಣ್ಣಾನೆಯ ಅಣುವೇ ನೂರಕ್ಕೂ ಹೆಚ್ಚು ಪತಂಗ ಜಾತಿಗಳಲ್ಲಿದೆ. ಹಾಗಿದ್ದರೂ ಗೊಂದಲವಾಗದು, ಏಕೆಂದರೆ ಪತಂಗಗಳು ಒಂಟಿ ಅಣುವಿಗಲ್ಲ, ನಿರ್ದಿಷ್ಟ ಮಿಶ್ರಣಕ್ಕೆ ಓಗೊಡುತ್ತವೆ. ಆನೆ ಸೂಸುವ ಪ್ರಮಾಣವೂ ಬೇರೆ.

ಮನುಷ್ಯರಲ್ಲಿ ಲೈಂಗಿಕ ಆಕರ್ಷಣೆಯ ಒಂದು ಅಣುವೂ ಇದುವರೆಗೆ ಹೀಗೆ ಸಾಬೀತಾಗಿಲ್ಲ. ಬೆವರಿನ ಆಂಡ್ರೊಸ್ಟಾಡೈಎನೋನ್ ಕುರಿತ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದ್ದರಿಂದ ಫೆರೊಮೋನ್ ಹೆಸರಿನಲ್ಲಿ ಮಾರುವ ಸುಗಂಧದ್ರವ್ಯಗಳಿಗೆ ವಿಜ್ಞಾನದ ಆಧಾರವಿಲ್ಲ. ತಮಗಿಂತ ಭಿನ್ನವಾದ ರೋಗನಿರೋಧಕ ವಂಶವಾಹಿಗಳಿರುವ ಗಂಡಸರು ತೊಟ್ಟ ಅಂಗಿಯ ವಾಸನೆ ಹೆಂಗಸರಿಗೆ ಹೆಚ್ಚು ಹಿಡಿಸಿತೆಂಬ 1995ರ ವೆಡೆಕಿಂಡ್ ಪ್ರಯೋಗವನ್ನು ಇದಕ್ಕೆ ಎದುರಾಗಿ ಮುಂದಿಡಬಹುದು. ಆದರೆ ಅಲ್ಲಿ ವಾಸನೆ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ, ಮೆಚ್ಚುಗೆಯೂ ಮೂಸುವವರನ್ನು ಅವಲಂಬಿಸಿದೆ. ಗಂಧಸಂಕೇತವಾದರೋ ಜಾತಿಗೆಲ್ಲ ಒಂದೇ. ಮನುಷ್ಯರಲ್ಲಿ ಜೇಕಬ್‌ಸನ್ ಅಂಗ ಕೆಲಸ ಮಾಡುವುದಿಲ್ಲ, ಆದ್ದರಿಂದ ಗಂಧಸಂಕೇತ ಇರಲಾರದು ಎಂಬ ವಾದವೂ ಅಷ್ಟೇ ಅವಸರದ್ದು: ತಾಯಿಮೊಲದ ಹಾಲಿನ ಗಂಧಸಂಕೇತವನ್ನು ಮರಿಗಳು ಸಾಮಾನ್ಯ ಮೂಗಿನಿಂದಲೇ ಗ್ರಹಿಸುತ್ತವೆ. ಹಾಲೂಡುವ ಯಾವುದೇ ತಾಯಿಯ ಮೊಲೆತೊಟ್ಟಿನ ಸುತ್ತಲ ಗ್ರಂಥಿಗಳ ಸ್ರಾವಕ್ಕೆ ನವಜಾತ ಶಿಶುಗಳು ಬಾಯಿ ಚಾಚುವುದು 2009ರಲ್ಲಿ ವರದಿಯಾಗಿದೆ. ಅದರ ಅಣು ಇನ್ನೂ ಪತ್ತೆಯಾಗಬೇಕಿದೆ. ಆದರೂ ಮನುಷ್ಯರ ಗಂಧಸಂಕೇತವನ್ನು ಪ್ರಣಯಕ್ಕಿಂತ ಮೊದಲು ತಾಯಿ-ಮಗುವಿನ ನಡುವೆ ಹುಡುಕುವುದು ಹೆಚ್ಚು ಸಮಂಜಸ.